ಕೋಡಿಗೆ ಅಡ್ಡ ನಿಂತ ನನ್ನ ಗೋಡೆ

ಸಾರ್ವಜನಿಕ ಜೀವನದಲ್ಲಿ ನಾನು ಏರಿದ ಒಂದೇ ಪದವಿಯೆಂದರೆ ಕೆರೆ ಏರಿ ಸಂರಕ್ಷಣೆಗಾಗಿ ನಮ್ಮ ಬಡಾವಣೆಯವರು ಕಟ್ಟಿಕೊಂಡ ಸಮಿತಿಯ ಕಾರ್ಯದರ್ಶಿ ಸ್ಥಾನ. ಆ ಹೊಣೆಯನ್ನು ನಾನು ಅತ್ಯಂತ ನಿಷ್ಠೆಯಿಂದ ಹೊತ್ತೆ. ನನ್ನ ಕಾಲದಲ್ಲೇ ಏರಿ ಒಡೆದು ಹನ್ನೊಂದು ಮನೆಗಳು ಕೊಚ್ಚಿಹೋಗುವ ಸಂದರ್ಭವನ್ನು ಸಮಿತಿಯೇ ತಂದುಕೊಂಡಿತು, ಸಮಿತಿಯೇ ತಪ್ಪಿಸಿತು. ಎರಡಕ್ಕೂ ಮೂಲ ನನ್ನ ಮನೆಯ ಹಿತ್ತಲ ಗೋಡೆ.

ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಯಲಹಂಕದಿಂದ ಪುಟ್ಟೇನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಆಗ ಒಂದು ಸಣ್ಣ ಕೆರೆಯಿತ್ತು. ಅದರ ಏರಿಯ ಒಂದು ತುದಿಯ ಕೆಳಗೆ, ತಗ್ಗಿನಲ್ಲಿ, ಹನ್ನೊಂದು ಹೆಂಚಿನ ಮನೆಗಳು. ಇನ್ನೊಂದು ತುದಿಯಲ್ಲಿ ಕೋಡಿ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿದುಹೋಗಲೆಂದು ಹಿಂದಿನವರು ಕಲ್ಲು ಹಾಸಿ ಬಿಟ್ಟ ದಾರಿ. ಕೋಡಿಯಿಂದ ಇಳಿದ ನೀರಿಗೆ ಒಂದು ಹಳ್ಳ. ಆ ಹಳ್ಳದ ಪಕ್ಕಕ್ಕೆ ನಮ್ಮ ಹೊಸ ಬಡಾವಣೆ. ಪಕ್ಕಕ್ಕೆ ಎಂದು ನಾನು ಬಡಾವಣೆಯ ಮಾನಕ್ಕಾಗಿ ಹೇಳುತ್ತಿದ್ದೇನೆ. ಕೊನೆಯ ಸೈಟು ಹಳ್ಳದ ಪಕ್ಕಕ್ಕಿರಲಿಲ್ಲ, ಹಳ್ಳದಲ್ಲಿಯೇ ಇತ್ತು. ಆ ಕೊನೆಯ ಸೈಟು ನನ್ನದು.

ನಾನು ಯಶವಂತಪುರದ ಒಂದು ಗೋಡೌನಿನಲ್ಲಿ ಗುಮಾಸ್ತನಾಗಿದ್ದೆ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಹೋಗಿ ಸಂಜೆ ಅದರಲ್ಲೇ ಹಿಂತಿರುಗುವ ಮನುಷ್ಯನಿಗೆ ಭೂಮಿಯ ಮೇಲೆ ಒಂದಿಷ್ಟು ಜಾಗ ತನ್ನದೆನ್ನಿಸಿಕೊಂಡಾಗ ಮೊದಲು ಹುಟ್ಟುವ ಆಸೆ ಅದರ ಸುತ್ತ ಗೋಡೆ ಎಬ್ಬಿಸುವುದು. ಮಳೆ ಸರಿಯಾಗಿ ಬಾರದೆ ನಾಲ್ಕು ವರ್ಷ ಹಳ್ಳ ಒಣಗಿ ಬಿದ್ದಿತ್ತು. ನಾನು ಅದಕ್ಕೆ ಅಡ್ಡಲಾಗಿ ಸುಟ್ಟ ಇಟ್ಟಿಗೆ, ಗಾರೆ ಹಾಕಿಸಿ, ಮೇಲೆ ಸೋಡಾ ಬಾಟಲಿಯ ಚೂರು ನೆಡಿಸಿ, ಎದೆಯೆತ್ತರದ ಗೋಡೆ ಕಟ್ಟಿಸಿದೆ. ಮೇಸ್ತ್ರಿ ಗಾರೆಯಲ್ಲಿ ಮರಳು ಜಾಸ್ತಿ ಬೆರೆಸದಂತೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ನೋಡಿಕೊಂಡೆ. ಅದಕ್ಕಾಗಿ ಆಫೀಸಿಗೆ ರಜಾ ಹಾಕಿದ್ದೆ. ನನ್ನ ಮದುವೆಗೂ ನಾನು ಅಷ್ಟು ದಿನ ರಜಾ ಹಾಕಿದವನಲ್ಲ ಎಂದು ನನ್ನ ಹೆಂಡತಿ ಹೇಳಿದ್ದುಂಟು.

ಗೋಡೆ ಅರ್ಧ ಎದ್ದಾಗ ಕೆರೆಯ ನೀರುಗಂಟಿ ಬಂದ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು, ಏರಿ ಕಾಯುವುದು ಅವನ ಮನೆತನದ ಕೆಲಸ. ಎಪ್ಪತ್ತರ ಮುದುಕ, ಹೆಗಲ ಮೇಲೆ ಸದಾ ಒಂದು ಗುದ್ದಲಿ. ಸ್ವಲ್ಪ ಹೊತ್ತು ಮೇಸ್ತ್ರಿಯ ಕೆಲಸವನ್ನು ಮೆಚ್ಚಿಗೆಯಿಂದಲೇ ನೋಡಿದ.

"ಸಾಮಿ, ಇದು ಅಳ್ಳ" ಎಂದ.

"ಇತ್ತು ತಾತ. ಈಗ ಸೈಟು" ಎಂದೆ ನಾನು. ನನ್ನ ಬಳಿ ಕಾಗದಪತ್ರವಿತ್ತು.

"ಮಳೆಗೂ ಒಂದ್ ಮಾತು ಏಳಿದ್ದೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದ.

ಮಳೆಗೆ ಯಾರೂ ಹೇಳಿರಲಿಲ್ಲವೆಂದು ಮುಂದಿನ ವರ್ಷವೇ ಗೊತ್ತಾಯಿತು. ಮಖೆ, ಹುಬ್ಬೆ ಮಳೆಗಳು ಎಡೆಬಿಡದೆ ಹೊಯ್ದು ಕೆರೆ ತುಂಬಿ ಕೋಡಿ ಹರಿಯಿತು. ನೀರು ಹಳ್ಳ ಹಿಡಿದು ಬಂದು ನನ್ನ ಗೋಡೆಗೆ ಬಡಿದು, ಗಾರೆಯ ಗುಣಮಟ್ಟವನ್ನು ಕಂಡು, ಬಲಕ್ಕೆ ತಿರುಗಿ ಬಡಾವಣೆಯ ಬೀದಿಯಲ್ಲಿ ನಡೆಯಿತು. ಮೊದಲ ಮನೆ ನಿವೃತ್ತ ಹೆಡ್ಮಾಸ್ಟರರದು. ಅವರ ನಡುಮನೆಯಲ್ಲಿ ಮೊಣಕಾಲುದ್ದ ನೀರು ನಿಂತು, ಅವರು ಕಟ್ಟಿ ಇಟ್ಟಿದ್ದ ಹಳೆಯ ಪಂಚಾಂಗಗಳು ತೇಲಿದವು. ಮಳೆ ಬರುವ ದಿನಗಳನ್ನೆಲ್ಲ ಆ ಪಂಚಾಂಗಗಳಲ್ಲಿ ಅವರು ಕೆಂಪು ಮಸಿಯಿಂದ ಗುರುತು ಮಾಡಿದ್ದರು. ಆ ದಿನಕ್ಕೆ ಗುರುತಿರಲಿಲ್ಲವಂತೆ.

ಮುಂದಿನ ಭಾನುವಾರ ಹೊಂಗೆ ಮರದ ಕೆಳಗೆ ಸಮಿತಿ ಹುಟ್ಟಿತು. ಸರಕಾರವನ್ನು ಕಾಯುತ್ತ ಕೂರಬಾರದು, ನಿವಾಸಿಗಳೇ ಮುಂದೆ ಬರಬೇಕು ಎಂದು ಹೆಡ್ಮಾಸ್ಟರು ಮುಕ್ಕಾಲು ಗಂಟೆ ಮಾತಾಡಿ ಅಧ್ಯಕ್ಷರಾದರು. ನನ್ನ ಅಕ್ಷರ ದುಂಡಗಿದ್ದುದರಿಂದ ನಾನು ಕಾರ್ಯದರ್ಶಿಯಾದೆ. ತಗ್ಗಿನ ಮನೆಗಳ ಕಡೆಯಿಂದಲೂ ಒಬ್ಬರು ಇದ್ದರೆ ಸಮಿತಿಗೆ ತೂಕ ಬರುತ್ತದೆಂದು ಅಲ್ಲಿನ ದರ್ಜಿ ಸಾಹೇಬರನ್ನು ಕರೆಸಿದೆವು. ನಮ್ಮೆಲ್ಲರ ಅಂಗಿ ಹೊಲಿಯುತ್ತಿದ್ದವರು, ಮನೆಯಲ್ಲಿ ಉರ್ದು, ನಮ್ಮೊಡನೆ ಅಳೆದು ಕತ್ತರಿಸಿದಂಥ ಕನ್ನಡ. ಕರೆದದ್ದಕ್ಕೆ ಅವರು ಬಿಳಿಯ ಟೋಪಿ ಹಾಕಿಕೊಂಡು, ಒಗೆದ ಕೋಟು ತೊಟ್ಟು ಬಂದರು. ಕುರ್ಚಿ ಕೊಟ್ಟರೆ ಕೊನೆಯವರೆಗೂ ಅದರ ಅಂಚಿನಲ್ಲಿಯೇ ಕೂತಿದ್ದರು. ನೀರುಗಂಟಿಯನ್ನೂ ಕರೆದಿದ್ದೆವು, ಆದರೆ ಸದಸ್ಯನಾಗಿ ಅಲ್ಲ. ಸ್ವಂತ ಸೈಟಿಲ್ಲದವನು ನಿವಾಸಿ ಹೇಗಾಗುತ್ತಾನೆಂದು ಯಾರೋ ಎತ್ತಿದ ಪ್ರಶ್ನೆ ಇತ್ಯರ್ಥವಾಗಿರಲಿಲ್ಲ. ಅವನು ಮರಕ್ಕೊರಗಿ ನಿಂತಿದ್ದ.

ಏನು ಮಾಡಬೇಕೆಂದು ಕೇಳಿದಾಗ ಅವನು ಗುದ್ದಲಿಯ ಕಾವಿನಿಂದ ನನ್ನ ಗೋಡೆಯ ಕಡೆ ತೋರಿಸಿದ. ಅಷ್ಟೇ. ಎಲ್ಲರೂ ತಲೆಯೆತ್ತಿ ಹೊಂಗೆ ಮರದ ಎಲೆಗಳನ್ನು ನೋಡತೊಡಗಿದರು. ನೆರೆಹೊರೆಯವನ ಮುಖದೆದುರು ಅವನ ಗೋಡೆಯ ಬಗ್ಗೆ ಮಾತಾಡುವಷ್ಟು ಒರಟರು ನಮ್ಮಲ್ಲಿ ಯಾರೂ ಇರಲಿಲ್ಲ.

ಆ ಸೌಜನ್ಯದ ಮರೆಯಲ್ಲಿ ನಾನು ಎದ್ದುನಿಂತು ನನ್ನ ಸಲಹೆ ಮಂಡಿಸಿದೆ. ನೀರು ಕೋಡಿಯಿಂದ ಹೊರಗೆ ಬಂದರಲ್ಲವೇ ಬೀದಿಗೆ ನುಗ್ಗುವುದು? ಕೋಡಿಯ ಮೇಲೆ ಮರಳು ಚೀಲ ಒಟ್ಟಿ ಒಂದೂವರೆ ಮೊಳ ಎತ್ತರಿಸಿದರೆ ಆ ನೀರು ಕೆರೆಯಲ್ಲೇ ನಿಲ್ಲುತ್ತದೆ. ಬೀದಿಗೆ ಬೀದಿಯೂ ಒಣಗಿರುತ್ತದೆ, ಬೇಸಗೆಗೆ ರೈತರಿಗೆ ನೀರೂ ಆಗುತ್ತದೆ. ಹೀಗೆ ನಾನು ನಾಡಿನ ಬೇಸಾಯ, ಬಾವಿಗಳ ಒರತೆ, ದನಕರುಗಳ ದಾಹ ಮುಂತಾದ ಎಲ್ಲದರ ಬಗ್ಗೆಯೂ ಮಾತಾಡಿದೆ. ಒಂದರ ಬಗ್ಗೆ ಮಾತ್ರ ಮಾತಾಡಲಿಲ್ಲ.

ಎಲ್ಲರೂ ಒಪ್ಪಿದರು. ಸಭೆ ನೋಡಲು ಬಂದು ನಿಂತಿದ್ದ ಹಳ್ಳಿಯ ರೈತರಂತೂ ಹಿಗ್ಗಿ, ನಾವು ಹೇಳಿದ್ದಕ್ಕಿಂತ ಎರಡು ಚೀಲ ಹೆಚ್ಚಿಗೆ ಒಟ್ಟುತ್ತೇವೆಂದರು. ಗೋಣಿ ಚೀಲಗಳ ಬಾಯಿ ಹೊಲಿಯುವ ಕೆಲಸ ದರ್ಜಿ ಸಾಹೇಬರದಾಯಿತು. ಅವರು ನೀರುಗಂಟಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ "ಆಗ್ಲಿ ಸಾರ್" ಎಂದರು. ಸರ್ವಾನುಮತ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

"ಏರಿಗೆ ಭಾರ ಆಯ್ತದೆ" ಎಂದು ನೀರುಗಂಟಿ ಮರದ ಬುಡದಿಂದ ಹೇಳಿದ. ಅವನು ಸದಸ್ಯನಲ್ಲವಾದ್ದರಿಂದ ಅದನ್ನು ಬರೆದುಕೊಳ್ಳಲು ಬರುತ್ತಿರಲಿಲ್ಲ.

ಆದರೂ ಎಚ್ಚರಿಕೆ ಇರಲೆಂದು ಅಧ್ಯಕ್ಷರು ಏರಿಯ ಮೇಲೆ ಪಹರೆ ಏರ್ಪಡಿಸಿದರು. ದಿನಕ್ಕಿಬ್ಬರಂತೆ ಸಂಜೆ ರೈಲಿಳಿದ ಮೇಲೆ, ಆಫೀಸಿನ ಬೂಟಿನಲ್ಲೇ, ಏರಿಯ ಈ ತುದಿಯಿಂದ ಆ ತುದಿಗೆ ನಡೆದು, ರಿಜಿಸ್ಟರಿನಲ್ಲಿ ಷರಾ ಬರೆದು ಸಹಿ ಮಾಡಬೇಕು. ಆ ರಿಜಿಸ್ಟರು ಬಹುಕಾಲ ನನ್ನ ಬಳಿ ಇತ್ತು. "ಏರಿ ಸುರಕ್ಷಿತವಾಗಿದೆ. ಎರಡು ಎಮ್ಮೆ ಕಂಡವು." "ಏರಿ ಸುರಕ್ಷಿತವಾಗಿದೆ. ತಂಗಾಳಿ ಇತ್ತು." ಅಧ್ಯಕ್ಷರು ತಮ್ಮ ಸರದಿ ಬಂದಾಗ ಸೂರ್ಯಾಸ್ತವನ್ನು ಮುಕ್ಕಾಲು ಪುಟ ವರ್ಣಿಸಿ, ಏರಿಯ ವಿಷಯ ಮರೆತಿದ್ದರು.

ಒಂದು ಸಂಜೆ ನಾನೂ ಅವರೂ ಪಹರೆಯಲ್ಲಿದ್ದಾಗ ನೀರುಗಂಟಿ ಎದುರಾಗಿ, ಮೆಟ್ಟು ಬಿಟ್ಟು ನಡೆಯಬಾರದೇ ಎಂದು ಕೇಳಿದ. ಅಧ್ಯಕ್ಷರ ಕಣ್ಣು ತುಂಬಿ ಬಂತು. ಕೂಡಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ನಮ್ಮ ಜನ ಜಲವನ್ನು ದೇವತೆಯಾಗಿ ಕಂಡ ಬಗೆಯನ್ನು ಕುರಿತು ನನಗೆ ವಿವರಿಸತೊಡಗಿದರು. ನೀರುಗಂಟಿ ಅದನ್ನು ಪೂರ್ತಿ ಕೇಳಿಸಿಕೊಂಡ.

"ಗಂಗಮ್ಮಂಗೇನೂ ಬೇಜಾರಿಲ್ಲ ಸಾಮಿ" ಎಂದ. "ನಿಮ್ ಕಾಲಿಗೆ ತಿಳೀಲಿ ಅಂತ ಅಂದೆ. ಮ್ಯಾಲ್ ನಡುದ್ರೆ ಏನ್ ಕಾಣ್ತದೆ? ಕೆಳುಗ್ ಬನ್ನಿ."

ಏರಿಯ ಕೆಳ ಇಳಿಜಾರಿನಲ್ಲಿ ನಮ್ಮನ್ನು ಬರಿಗಾಲಲ್ಲಿ ನಡೆಸಿದ. ಹುಲ್ಲು ಒಣಗಿತ್ತು, ಮಣ್ಣು ಬೆಚ್ಚಗಿತ್ತು. ದರ್ಜಿ ಸಾಹೇಬರ ಮನೆಯ ಹಿಂಭಾಗಕ್ಕೆ ಬರುತ್ತಿದ್ದಂತೆ ಅಂಗಾಲಿಗೆ ಥಣ್ಣಗಾಯಿತು. ಬಗ್ಗಿ ನೋಡಿದರೆ ಏರಿಯ ಬುಡದಲ್ಲಿ ಬೆರಳು ದಪ್ಪ ನೀರು ಒಸರುತ್ತಿತ್ತು, ಕನ್ನಡಿಯಂತೆ ತಿಳಿ. ಅದರ ಪಕ್ಕದಲ್ಲೇ ಸಾಹೇಬರ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಆ ವಾರ ಇನ್ನೂ ಹತ್ತು ಚೀಲ ಬೇಕೆಂದು ನಾವೇ ಹೇಳಿ ಕಳಿಸಿದ್ದೆವು.

ತಿಳಿ ನೀರು ಬಂದರೆ ಭಯವಿಲ್ಲ, ಎಲ್ಲ ಏರಿಯೂ ಅಷ್ಟಿಷ್ಟು ಬೆವರುತ್ತದೆ, ಕೆಂಪಗೆ ಬಂದರೆ ಏರಿಯ ಹೊಟ್ಟೆಯ ಮಣ್ಣೇ ಕರಗಿ ಬರುತ್ತಿದೆಯೆಂದು ಲೆಕ್ಕ ಎಂದು ಮುದುಕ ಹೇಳಿದ. ಹಾಗಾದರೆ ಏನು ಮಾಡಬೇಕು ಎಂದು ಅಧ್ಯಕ್ಷರು ಕೇಳಿದರು. ಅವನು ನನ್ನನ್ನು ನೋಡಿದ. ನಾನು ಎಮ್ಮೆಗಳನ್ನು ನೋಡಿದೆ.

ಆ ವರ್ಷ ಚಿತ್ತೆ ಮಳೆ ಮೂರು ಹಗಲು ಮೂರು ರಾತ್ರಿ ಹಿಡಿಯಿತು. ನಾಲ್ಕನೆಯ ಬೆಳಿಗ್ಗೆ ಮಳೆ ಸ್ವಲ್ಪ ಸಣ್ಣಗಾಗಿ, ನಾನು ರೈಲಿಗೆ ಹೊರಡಲು ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ನೀರುಗಂಟಿ ಹಿತ್ತಲ ಬಾಗಿಲಿಗೆ ಬಂದು ನಿಂತ. ತಲೆಯ ಮೇಲೆ ಗೋಣಿ ಕೊಪ್ಪೆ, ಕೈಯಲ್ಲಿ ಹಾರೆ. ನನ್ನ ಹೆಂಡತಿ ಅವನಿಗೆ ಕಾಫಿ ತರಲು ಹೋದಳು. ಬೇಡವೆಂದ.

"ಕೆಂಪುಗ್ ಬತ್ತೈತೆ ಸಾಮಿ" ಎಂದ.

ತೂಬು ಪೂರ್ತಿ ಎತ್ತಿದ್ದನಂತೆ, ಸಾಲುವುದಿಲ್ಲವಂತೆ. ಕೋಡಿಯ ಚೀಲಗಳನ್ನು ತೆಗೆದು ನೀರು ಬಿಡಬೇಕು. ಆದರೆ ಈಗ ಒಟ್ಟಿಗೆ ಬರುವ ನೀರು ನನ್ನ ಗೋಡೆಗೆ ಬಡಿದು ತಿರುಗಿದರೆ ಬೀದಿಯ ಇಪ್ಪತ್ತು ಮನೆಗೂ ಕಿಟಕಿಯ ಮಟ್ಟಕ್ಕೆ ನುಗ್ಗುತ್ತದೆ. ಬಿಡದಿದ್ದರೆ ತಗ್ಗಿನ ಹನ್ನೊಂದು ಮನೆಯ ಮೇಲೆ ಇಡೀ ಕೆರೆಯೇ ಇಳಿಯುತ್ತದೆ. ಹಾಗಾಗಿ ಮೊದಲು ಗೋಡೆ, ಆಮೇಲೆ ಚೀಲ.

ನಾನು ಷರಟಿನ ಕೊನೆಯ ಗುಂಡಿಯನ್ನೂ ಹಾಕಿದೆ. ನಾಚಿಕೆಯಿಂದಲೇ ಹೇಳಬೇಕು, ಆಗ ನನ್ನ ಬಾಯಿಂದ ಬಂದದ್ದು, ಅಧ್ಯಕ್ಷರಿಗೆ ಹೇಳಿಕಳಿಸಿ ಒಂದು ತುರ್ತು ಸಭೆ ಕರೆಯೋಣ, ಕೋರಂ ಆದರೆ ನಿರ್ಣಯ ಮಾಡೋಣ ಎಂಬ ಮಾತು. ಸಭೆಯಿಲ್ಲದೆ ಕಾರ್ಯದರ್ಶಿ ಒಬ್ಬನೇ ತೀರ್ಮಾನ ಮಾಡುವುದು ನಿಯಮಬಾಹಿರವೆಂದೂ ಹೇಳಿದೆ. ಆ ನಿಯಮವನ್ನು ಬರೆದವನು ನಾನೇ.

ನನ್ನ ಹೆಂಡತಿ ಮಳೆಯಲ್ಲೇ ಹಿತ್ತಲಿಗಿಳಿದಳು. ಗೋಡೆಯ ಮೊಳೆಗೆ ಕಟ್ಟಿದ್ದ ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚತೊಡಗಿದಳು.

"ಏನ್ ಮಾಡ್ತಿದ್ದೀಯ?"

"ನೀವು ಸಭೆ ಮಾಡಿ" ಎಂದಳು. "ಅಷ್ಟ್ರಲ್ಲಿ ಹಗ್ಗ ಬಿಚ್ಚಿರ್ತೀನಿ." ಆಮೇಲೆ ಮುದುಕನ ಕಡೆ ತಿರುಗಿ, "ಎಲ್ಲಿಂದ ಶುರು ಮಾಡ್ತೀರಿ ತಾತ?" ಎಂದು ಕೇಳಿದಳು.

ಹೀಗೆ ಸಮಿತಿಯ ಅತಿ ಮಹತ್ವದ ನಿರ್ಣಯವು ಸದಸ್ಯರಲ್ಲದ ಇಬ್ಬರಿಂದ ಕೈಗೊಳ್ಳಲ್ಪಟ್ಟಿತು.

ಅರ್ಧ ಗಂಟೆಯೊಳಗೆ ಬೀದಿಯೆಲ್ಲ ನನ್ನ ಹಿತ್ತಲಲ್ಲಿತ್ತು. ಗೋಡೆ ಒಡೆಯುವುದು ಸುಲಭವೆಂದು ತಿಳಿದು ಬಂದವರು, ಎರಡು ಏಟು ಹಾಕಿ, ಮೂರನೆಯದಕ್ಕೆ ಮೊದಲು ನನ್ನನ್ನು ನೋಡಿದರು. ಗಾರೆ ಕಲ್ಲಾಗಿತ್ತು. ಇಷ್ಟು ಗಟ್ಟಿಯಾಗಿ ಯಾರು ಕಟ್ಟಿಸ್ತಾರ್ರೀ ಎಂದು ಒಬ್ಬರು ಸಿಟ್ಟಿನಿಂದ ಕೇಳಿದರು. ಪ್ರಾಮಾಣಿಕ ಕೆಲಸಕ್ಕೆ ಇಷ್ಟೊಂದು ಬೈಗುಳ ತಿಂದ ಮೇಸ್ತ್ರಿ ಬೇರೊಬ್ಬನಿರಲಾರ. ಅವನ ಪರವಾಗಿ ನಾನೇ ತಿಂದೆ. ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಛತ್ರಿ ಹಿಡಿದು ಇನ್ನೊಂದರಲ್ಲಿ ಹಾರೆ ಹಾಕಲು ನೋಡಿ, ಕಡೆಗೆ ಛತ್ರಿಯನ್ನೇ ಬಿಸಾಡಿದರು. ಅವರ ವಯಸ್ಸಿಗೆ ಅವರು ಹಾಕಿದ ಏಟುಗಳು ನನ್ನನ್ನು ಬೆರಗುಗೊಳಿಸಿದವು. ಪಂಚಾಂಗಗಳ ನೋವು ಒಳಗೆ ಇನ್ನೂ ಇತ್ತೆಂದು ಕಾಣುತ್ತದೆ.

ಅತ್ತ ತಗ್ಗಿನ ಮನೆಗಳಿಂದ ಹೆಂಗಸರು, ಕೂಸುಗಳು, ಹೊಲಿಗೆ ಯಂತ್ರ, ಎರಡು ಮೇಕೆ ಎಲ್ಲ ಅಧ್ಯಕ್ಷರ ಜಗಲಿಗೆ ಬಂದಾಗಿತ್ತು. ಗಂಡಸರು ಏರಿಯ ಬುಡದಲ್ಲಿ ನೀರುಗಂಟಿ ಹೇಳಿಕೊಟ್ಟಂತೆ ಕೆಲಸಕ್ಕೆ ನಿಂತಿದ್ದರು. ನಾನಾಗಿದ್ದರೆ ಆ ತೂತಿಗೆ ಜೇಡಿಮಣ್ಣು ಮೆತ್ತಿ ಮುಚ್ಚುತ್ತಿದ್ದೆ. ಅವನು ಹಾಗೆ ಮಾಡಗೊಡಲಿಲ್ಲ. ಮೊದಲು ಹೊಂಗೆ ಸೊಪ್ಪು, ಅದರ ಮೇಲೆ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. "ನೀರ್ ಬರ್ಲಿ, ಮಣ್ ಬರ್ಬಾರ್ದು" ಎನ್ನುತ್ತಿದ್ದ. ಮಳೆಯಲ್ಲಿ ಆ ಹೊತ್ತಿಗೆ ಬೇರೆ ಮರಳು ಎಲ್ಲಿಂದ ತರುವುದು? ನಮ್ಮ ಅಂಗಳದಲ್ಲಿ ಮಿಕ್ಕಿದ್ದ ಚೀಲಗಳನ್ನೇ ಹೊತ್ತರು. ದರ್ಜಿ ಸಾಹೇಬರು ತಾವು ಹೊಲಿದ ಹೊಲಿಗೆಯನ್ನು ತಾವೇ ಕತ್ತರಿಯಿಂದ ಬಿಚ್ಚುತ್ತಿದ್ದರು. ಗೋಡೆಯಂತೆಯೇ ಅದೂ ಗಟ್ಟಿ ಕೆಲಸವಾಗಿತ್ತು.

ಹತ್ತು ಗಂಟೆಯ ಸುಮಾರಿಗೆ ಗೋಡೆಯಲ್ಲಿ ಎತ್ತಿನ ಗಾಡಿ ಹೋಗುವಷ್ಟು ಬಾಯಿ ಬಿತ್ತು. ಹಿತ್ತಲಿನಿಂದ ಹಳ್ಳ ಮುಂದಕ್ಕೆ ಹೋಗುವ ಬದಿಗೆ ಗೋಡೆಯಿರಲಿಲ್ಲ, ಮುಳ್ಳುಬೇಲಿ ಮಾತ್ರ. ನೀರಿಗೆ ಅದು ಲೆಕ್ಕಕ್ಕಿಲ್ಲ. ಕೋಡಿಯ ಚೀಲಗಳನ್ನು ನಡುವಿನಿಂದ ಒಂದೊಂದಾಗಿ ಎಳೆಯತೊಡಗಿದರು. ನಾನು ಅಡುಗೆಮನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ನೀರು ಬಂತು. ಅಬ್ಬರವೇನೂ ಇಲ್ಲ. ಪರಿಚಯವಿರುವ ದಾರಿಯಲ್ಲಿ ನಡೆಯುವವರ ಹಾಗೆ ಬಂದು, ನನ್ನ ಇಟ್ಟಿಗೆಗಳ ನಡುವೆ ನುಸುಳಿ, ಸೌತೆಯ ಬಳ್ಳಿ, ಸೌದೆಯ ರಾಶಿ, ಬಚ್ಚಲಮನೆಯ ಒಂದು ಮೂಲೆ ಇಷ್ಟನ್ನು ಜೊತೆಗೆ ಕರೆದುಕೊಂಡು, ಬೇಲಿ ದಾಟಿ ಮುಂದಿನ ಕೆರೆಯ ಕಡೆಗೆ ಹೊರಟುಹೋಯಿತು. ಬೀದಿಗೆ ಒಂದು ಚೊಂಬಿನಷ್ಟೂ ತಿರುಗಲಿಲ್ಲ.

ಮಧ್ಯಾಹ್ನದ ಮೇಲೆ ನೀರುಗಂಟಿ ಏರಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಲ್ಲುಗಳ ಸಂದಿಯಿಂದ ಬರುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದ. ಎಲ್ಲರೂ ಅವನ ಬೊಗಸೆಯ ಸುತ್ತ ಬಗ್ಗಿದ್ದೆವು. ನೀರಿನ ತಳದಲ್ಲಿ ಅವನ ಅಂಗೈಯ ಗೆರೆಗಳು ಕಾಣುತ್ತಿದ್ದವು. ಅವನು ಆ ನೀರಿನಲ್ಲಿ ಮುಖ ತೊಳೆದುಕೊಂಡು, ಈಗ ಆ ಕಾಫಿ ಕುಡಿಯಬಹುದು ಎಂದು ನನ್ನ ಹೆಂಡತಿಗೆ ಹೇಳಿಕಳಿಸಿದ.

ಎರಡು ದಿನ ಬಿಟ್ಟು ನಾನು ದರ್ಜಿ ಸಾಹೇಬರ ಮನೆಗೆ ಹೋದೆ. ಅವರು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಒಳಗಿನಿಂದ ಚಹಾ ಬಂತು. ನಾನು ಬಂದ ಕಾರಣವನ್ನು ಸುತ್ತಿ ಬಳಸಿ, ಕಡೆಗೊಮ್ಮೆ ಹೇಳಿದೆ. ಕೋಡಿಗೆ ಚೀಲ ಒಟ್ಟಿಸಿದ್ದು ಬೇಸಾಯಕ್ಕಾಗಿ ಅಲ್ಲ, ದನಕರುಗಳಿಗಾಗಿಯೂ ಅಲ್ಲ, ನನ್ನ ಗೋಡೆ ಉಳಿಯಲಿ ಎಂದು. ನಿಮ್ಮ ಮನೆಯ ಮೇಲೆ ಕೆರೆಯನ್ನು ಎತ್ತಿ ಇಟ್ಟವನು ನಾನೇ ಎಂದೆ.

"ಗೊತ್ತಿತ್ತು ಸಾರ್" ಎಂದರು ಅವರು, ಎಣ್ಣೆಯ ಡಬ್ಬಿಯಿಂದ ಕಣ್ಣೆತ್ತದೆ. "ಆ ಮೀಟಿಂಗಲ್ಲೇ ಗೊತ್ತಿತ್ತು. ತಾತ ತೋರ್ಸಿದ್ರಲ್ಲ."

ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ, ಯಾಕೆ ಚೀಲ ಹೊಲಿದಿರಿ ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಆಕ್ಷೇಪಣೆಯೂ ಇತ್ತು. ತಪ್ಪು ಮಾಡಿದವನಿಗೆ ತಡೆಯದವನ ಮೇಲೆ ಸಿಟ್ಟು ಬರುವುದು ಎಷ್ಟು ಬೇಗ ನೋಡಿ.

ಅವರು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಸೂಜಿ ಇಳಿದು ಏರುವುದನ್ನು ನೋಡಿದರು.

"ಇಷ್ಟ್ ವರ್ಷಕ್ಕೆ ಮೊದಲ್ನೇ ಸಲ ಕುರ್ಚಿ ಹಾಕಿ ಕೇಳಿದ್ರಿ. ಮೊದಲ್ನೇ ಮೀಟಿಂಗಲ್ಲೇ ಬೇಡ ಅಂದಿದ್ರೆ, ಎರಡನೇದಕ್ಕೆ ಕರೀತಿದ್ರಾ ಸಾರ್?"

ಚಹಾ ಬಿಸಿಯಿತ್ತು. ಅದನ್ನು ಮುಗಿಸಲು ನನಗೆ ಬಹಳ ಹೊತ್ತು ಬೇಕಾಯಿತು.

ಎರಡನೆಯ ಸಭೆಗೆ ನಾನೇ ಅವರ ಮನೆಗೆ ಹೋಗಿ ಕರೆದುಬಂದೆ. ನೀರುಗಂಟಿಯನ್ನು ಸದಸ್ಯನನ್ನಾಗಿ ಮಾಡುವ ನಿರ್ಣಯ ಮೊದಲು ಆಯಿತು. ಅವನು ಕುರ್ಚಿ ಬೇಡವೆಂದು ಮರಕ್ಕೇ ಒರಗಿ ನಿಂತ. ಪಹರೆಯವರು ಬೂಟು ಬಿಟ್ಟು, ಏರಿಯ ಮೇಲಲ್ಲ, ಬುಡದಲ್ಲಿ ನಡೆಯಬೇಕೆಂದಾಯಿತು. ಆಮೇಲೆ ಇತರ ವಿಷಯಗಳು ಎಂಬ ತಲೆಬರಹದ ಕೆಳಗೆ ನಾನು ಎದ್ದುನಿಂತೆ. ಮನುಷ್ಯ ಬೇಗ ಬದಲಾಗುವುದಿಲ್ಲ. ನೀರು ಹೋಗಲು ತಳದಲ್ಲಿ ಎರಡಡಿ ಅಗಲದ ಒಂದು ಮೋರಿ ಬಿಟ್ಟು ನನ್ನ ಗೋಡೆಯನ್ನು ಮತ್ತೆ ಕಟ್ಟಲು ಸಮಿತಿ ಒಪ್ಪಬೇಕೆಂದು, ಹಿತ್ತಲಿಗೆ ಕಳ್ಳರ ಕಾಟ, ಹಾವುಗಳ ಸಂಚಾರ ಇತ್ಯಾದಿಗಳನ್ನು ವಿವರಿಸಿ ಬಿನ್ನವಿಸಿಕೊಂಡೆ. ಸಭೆಯನ್ನು ಮತ್ತೆ ಆ ಹಳೆಯ ಸೌಜನ್ಯ ಕವಿಯಿತು. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು.

ದರ್ಜಿ ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಆರಾಮವಾಗಿ ಕೂತರು.

"ಬೇಡ ಸಾರ್" ಎಂದರು.

ಕಾರಣವೇನೆಂದು ಅಧ್ಯಕ್ಷರು ಕೇಳಿದರು, ನಡಾವಳಿಗೆ ಬೇಕಿತ್ತು.

"ಹನ್ನೊಂದು ಮನೆ."

ನನ್ನ ಸಲಹೆಯ ಪರವಾಗಿ ಕೈ ಎತ್ತಿದವನು ನಾನೊಬ್ಬನೇ. ಹೊಂಗೆ ಮರದಿಂದ ಸ್ವಲ್ಪ ದೂರದಲ್ಲಿ, ಗೋಡೆಯ ಒಡಕಿನಲ್ಲಿ ಸೌತೆಯ ಬೀಜ ಊರುತ್ತಿದ್ದ ನನ್ನ ಹೆಂಡತಿ ತಲೆಯೆತ್ತಿ ನೋಡಿದಳು. ನಾನು ಎತ್ತಿದ್ದ ಆ ಒಂದು ಕೈಯನ್ನೂ ಇಳಿಸಿ, ಲೇಖನಿ ತೆಗೆದುಕೊಂಡು, ಸಲಹೆ ಬಿದ್ದುಹೋಯಿತೆಂದು ದುಂಡಗೆ ಬರೆದೆ.